ಮುಟ್ಟಿದರೆ ಮಾಯವಾಗುವ ಪರಮಾಣು

ಭಸ್ಮಾಸುರ ಯಾರ ತಲೆ ಮೇಲೆ ಕೈಯಿಟ್ಟರೂ ಅವರು ಬೂದಿ. ಭೌತವಿಜ್ಞಾನದಲ್ಲಿ ಅವನಿಗಿಂತ ಒಂದು ಕೈ ಮೇಲಾದವನೊಬ್ಬ ಇದ್ದಾನೆ. ಅವನು ಮುಟ್ಟಿದರೆ ಮುಟ್ಟಿದವನೂ ಇಲ್ಲ, ಮುಟ್ಟಿಸಿಕೊಂಡವನೂ ಇಲ್ಲ, ಬೂದಿಯೂ ಇಲ್ಲ! ಹೆಸರು ಆಂಟಿಮ್ಯಾಟರ್, ಕನ್ನಡದಲ್ಲಿ ಪ್ರತಿದ್ರವ್ಯ. ಇಂಥದ್ದನ್ನು ಯಾವ ಪಾತ್ರೆಯಲ್ಲಿ ಇಡೋದು ಹೇಳಿ?

1928ರಲ್ಲಿ ಡಿರಾಕ್ ಬರೆದ ಸಮೀಕರಣದಲ್ಲಿ ಇದರ ಸುಳಿವಿತ್ತು. 1932ರಲ್ಲಿ ಕಾರ್ಲ್ ಆಂಡರ್ಸನ್‌ಗೆ ವಿಶ್ವಕಿರಣಗಳಲ್ಲಿ ಪಾಸಿಟ್ರಾನ್ ಸಿಕ್ಕಿತು. 1955ರಲ್ಲಿ ಬರ್ಕಲಿಯಲ್ಲಿ ಆಂಟಿಪ್ರೋಟಾನ್ ಸಿಕ್ಕಿತು. ಎರಡನ್ನೂ ಸೇರಿಸಿದರೆ ಆಂಟಿಹೈಡ್ರೋಜನ್. ಹೇಳೋಕೆ ಸುಲಭ, ಮಾಡೋಕೆ 40 ವರ್ಷ ಬೇಕಾಯಿತು. 1995ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಹುಟ್ಟಿದ್ದು ಬರೀ ಒಂಬತ್ತು ಪರಮಾಣು. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿ, ಕಣ್ಣು ಮಿಟುಕಿಸುವ ಎಷ್ಟೋ ಮೊದಲೇ ಮಾಯ.

ಇಷ್ಟೆಲ್ಲ ಯಾಕೆ ಅಂತೀರಾ? ಮಹಾಸ್ಫೋಟದಲ್ಲಿ ದ್ರವ್ಯ, ಪ್ರತಿದ್ರವ್ಯ ಎರಡೂ ಸಮಸಮವಾಗಿ ಹುಟ್ಟಿರಬೇಕು ಅನ್ನುತ್ತೆ ಸಿದ್ಧಾಂತ. ಹಾಗಿದ್ದರೆ ಎರಡೂ ಒಂದನ್ನೊಂದು ಮುಗಿಸಿ, ಬರೀ ಬೆಳಕು ಉಳಿಯಬೇಕಿತ್ತು. ಆದರೆ ನಾವಿದ್ದೀವಿ! ಎಲ್ಲೋ ಒಂದು ಚಿಕ್ಕ ವ್ಯತ್ಯಾಸ ಅಡಗಿರಬೇಕು. ಹುಡುಕೋಕೆ ಒಳ್ಳೆಯ ಜಾಗ ಹೈಡ್ರೋಜನ್. ಅದರ ಎಲೆಕ್ಟ್ರಾನನ್ನು ಮೊದಲ ಮೆಟ್ಟಿಲಿಂದ ಎರಡನೆಯದಕ್ಕೆ ಹತ್ತಿಸಲು ಬೇಕಾದ ಕಂಪನ ಸೆಕೆಂಡಿಗೆ ಸುಮಾರು 2,466 ಲಕ್ಷ ಕೋಟಿ. ಈ ಸಂಖ್ಯೆ ಸುಮಾರು 15 ಅಂಕಿಗಳವರೆಗೆ ನಿಖರವಾಗಿ ಗೊತ್ತಿದೆ. ಆಂಟಿಹೈಡ್ರೋಜನ್‌ನಲ್ಲಿ ಅದು ಸ್ವಲ್ಪ ಬೇರೆಯಾದರೂ ಸಾಕು, ಪಠ್ಯಪುಸ್ತಕಗಳನ್ನು ಹೊಸದಾಗಿ ಬರೆಯಬೇಕು.

ಆದರೆ ಅಳೆಯಬೇಕಾದರೆ ಅದು ಒಂದು ಕಡೆ ನಿಲ್ಲಬೇಕಲ್ಲ? 2002ರಲ್ಲಿ ಅಥೀನಾ, ಎಟ್ರಾಪ್ ತಂಡಗಳು ನಿಧಾನಗತಿಯ ಆಂಟಿಹೈಡ್ರೋಜನ್ ತಯಾರಿಸಿದರೂ ಅವೆಲ್ಲ ಗೋಡೆಗೆ ತಾಗಿ ಹೋದವು. ಪರಮಾಣುವಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ವಿದ್ಯುತ್ತಿನಿಂದ ಕಟ್ಟಿಹಾಕೋಕಾಗಲ್ಲ. ಆದರೆ ಅದೊಂದು ಪುಟ್ಟ ಆಯಸ್ಕಾಂತ. ಜೆಫ್ರಿ ಹ್ಯಾಂಗ್ಸ್ಟ್ ಅವರ ಆಲ್ಫಾ ತಂಡ ಬರೀ ಕಾಂತಕ್ಷೇತ್ರದಿಂದಲೇ ಒಂದು ಬಟ್ಟಲು ಮಾಡಿತು. ನಿರಪೇಕ್ಷ ಶೂನ್ಯಕ್ಕಿಂತ ಅರ್ಧ ಡಿಗ್ರಿ ಹೆಚ್ಚು ಬಿಸಿಯಿದ್ದರೂ ಪರಮಾಣು ಹೊರಗೆ ಚೆಲ್ಲಿಹೋಗುತ್ತೆ! 2010ರಲ್ಲಿ 38 ಪರಮಾಣುಗಳು ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು ನಿಂತವು. 2011ರಲ್ಲಿ 1,000 ಸೆಕೆಂಡು.

2016ರಲ್ಲಿ ಕೊನೆಗೂ 243 ನ್ಯಾನೋಮೀಟರ್‌ನ ಲೇಸರ್ ಒಳಗೆ ಹೊಕ್ಕಿತು. ಕಂಪನ ಸರಿಹೊಂದಿದಾಗ ಪರಮಾಣುಗಳು ಬಟ್ಟಲಿನಿಂದ ಜಾರಿ ಗೋಡೆಗೆ ಬಡಿದು ಮಾಯ. ಆ ಸಾವುಗಳನ್ನೇ ಎಣಿಸಿದರು. ಇಷ್ಟು ವರ್ಷ ಕಾಡಿದ ಭಸ್ಮಾಸುರನ ಗುಣವೇ ಅಳತೆಗೋಲಾಯಿತು ನೋಡಿ.

ಉತ್ತರ? ಎರಡೂ ಒಂದೇ. 2018ರಲ್ಲಿ ಲಕ್ಷ ಕೋಟಿಯಲ್ಲಿ ಎರಡು ಭಾಗದಷ್ಟು ನಿಖರವಾಗಿ ಅಳೆದರೂ ಒಂದೇ. 2023ರಲ್ಲಿ ಕೈಬಿಟ್ಟು ನೋಡಿದರು, ಅದೂ ನಮ್ಮ ಹಾಗೆ ಕೆಳಕ್ಕೇ ಬಿತ್ತು.

'ಅಷ್ಟು ಕಷ್ಟಪಟ್ಟು ಇಷ್ಟೇನಾ' ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಕಳೆದುಹೋದ ಕೀಲಿ ಹುಡುಕುವಾಗ ಒಂದು ಕೋಣೆ ಪೂರ್ತಿ ಜಾಲಾಡಿ 'ಇಲ್ಲಿಲ್ಲ' ಅಂತ ಖಾತ್ರಿಯಾಗೋದೂ ಹುಡುಕಾಟವೇ. ನಾವೆಲ್ಲ ಯಾಕೆ ಉಳಿದೆವು ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ...