ಪುಲಿಗೆರೆಯ ಆಚಾರವ್ಯವಸ್ಥೆ ಮತ್ತು ಜೀರ್ಣೋದ್ಧಾರದ ಹೊಣೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಶಾಸನಗಳಲ್ಲಿ ಪೊರಿಗೆರೆ, ಪುರಿಗೆರೆ, ಪುಲಿಗೆರೆ, ಹುಲಿಗೆರೆ ಎಂಬ ಹೆಸರುಗಳಿಂದ ಕಾಣಿಸಿಕೊಂಡಿದೆ. ಇದು ಪುಲಿಗೆರೆ ಮುನ್ನೂರು ನಾಡಿನ ಮುಖ್ಯಪಟ್ಟಣವಾಗಿತ್ತು. ಕವಿರಾಜಮಾರ್ಗವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಈ ಊರನ್ನು ಹೆಸರಿಸಿದೆ. ಪಂಪನು ತನ್ನ ಕಾವ್ಯಭಾಷೆಗೆ ನೆಲೆಯೆಂದು ಹೇಳಿಕೊಂಡದ್ದೂ ಇದೇ ಊರನ್ನು. ಸಾಹಿತ್ಯದ ಅಭ್ಯಾಸಿಗಳಿಗೆ ಇದೆಲ್ಲ ಪರಿಚಿತ ಸಂಗತಿ. ಆದರೆ ಇದೇ ಊರಿನ ಕಂಬವೊಂದರ ಮೇಲಿರುವ ಹಳಗನ್ನಡ ಶಾಸನವೊಂದು ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನು ಆಳುತ್ತಿದ್ದಾಗ ಅವನ ಮಗ ಯುವರಾಜ ವಿಕ್ರಮಾದಿತ್ಯನು, ಸುಮಾರು ಕ್ರಿ.ಶ. ೭೨೫ರಲ್ಲಿ, ಪೊರಿಗೆರೆಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ ಅದು. ಎಲ್. ಡಿ. ಬಾರ್ನೆಟ್ ಅವರು ಇದನ್ನು ಎಪಿಗ್ರಾಫಿಯಾ ಇಂಡಿಕಾದ ೧೪ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು.

ಈ ಶಾಸನವು ದಾನಶಾಸನವೂ ಅಲ್ಲ, ವೀರಗಲ್ಲೂ ಅಲ್ಲ. ಅರಸನ ಅಧಿಕಾರಿಗಳಿಗೂ ಪಟ್ಟಣಿಗರಿಗೂ ನಡುವೆ ಇರಬೇಕಾದ ಹಕ್ಕುಬಾಧ್ಯತೆಗಳನ್ನು ಅದು ನಿಗದಿಪಡಿಸುತ್ತದೆ. ಅರಸನ ದತ್ತಿಗಳನ್ನು, ತಾಮ್ರಶಾಸನಗಳನ್ನು, ಹಿಂದಿನಿಂದ ನಡೆದುಬಂದ ಮರ್ಯಾದೆಗಳನ್ನು ಅಧಿಕಾರಿಗಳು ಕಾಪಾಡತಕ್ಕದ್ದೆಂದು ವಿಧಿಸುತ್ತದೆ. ಪ್ರತಿಯಾಗಿ, ಒಕ್ಕಲುಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ತೆರಬೇಕಾದ ತೆರಿಗೆಯನ್ನು ಗೊತ್ತುಮಾಡುತ್ತದೆ. ವೃತ್ತಿಶ್ರೇಣಿಗಳ ಪಾಲನ್ನೂ ಹೇಳುತ್ತದೆ. ಊರಿನ ಸ್ವತ್ತು ಯಾವುದು, ಅದನ್ನು ಕಾಯುವವರು ಯಾರು, ಅದರ ವೆಚ್ಚಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಕನ್ನಡ ನಾಡಿನ ಒಂದು ಪಟ್ಟಣವು ಹದಿಮೂರು ಶತಮಾನಗಳ ಹಿಂದೆ ಕೊಟ್ಟುಕೊಂಡ ಉತ್ತರ ಇದರಲ್ಲಿದೆ. ಇಂದು ಲಕ್ಷ್ಮೇಶ್ವರದಲ್ಲಿ, ಗದಗ-ಬೆಟಗೇರಿಯಲ್ಲಿ, ಲಕ್ಕುಂಡಿಯಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಯ ವಿಚಾರ ಬಂದಾಗ ಎದುರಾಗುವುದೂ ಇವೇ ಮೂರು ಪ್ರಶ್ನೆಗಳು.

ಕಟ್ಟಡವನ್ನು ಕಟ್ಟಿಸುವುದರ ಜೊತೆಗೇ ಅದರ ದುರಸ್ತಿಗೂ ಏರ್ಪಾಟು ಮಾಡುವುದು ಶಾಸನಕಾಲದ ಪದ್ಧತಿಯಾಗಿತ್ತು. ಬಸದಿ, ದೇವಾಲಯಗಳಿಗೆ ಬಿಟ್ಟ ದತ್ತಿಗಳ ಉದ್ದೇಶವನ್ನು ಹೇಳುವಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದು ಎಂಬ ಮೂರು ಅವಸ್ಥೆಗಳನ್ನು ಈ ಪದಪುಂಜವು ಬೇರೆಬೇರೆಯಾಗಿ ಗುರುತಿಸುತ್ತದೆ. ಪೂಜೆ, ಋಷಿಗಳ ಆಹಾರದಾನಗಳ ಸಾಲಿನಲ್ಲೇ ದುರಸ್ತಿಯೂ ನಿತ್ಯದ ವೆಚ್ಚವಾಗಿ ಸೇರಿದೆ. ಕಟ್ಟಡವು ಪೂರ್ತಿ ಬಿದ್ದುಹೋದ ಮೇಲೆ ಚಂದಾ ಎತ್ತುವುದಕ್ಕಿಂತ, ಬೀಳದಂತೆ ವರ್ಷವರ್ಷವೂ ನೋಡಿಕೊಳ್ಳಲು ಭೂಮಿಯನ್ನೇ ಬಿಡುವುದು ಲೇಸೆಂದು ಆ ಕಾಲದವರು ಬಗೆದಿದ್ದರು.

ಪುಲಿಗೆರೆಯ ಶಂಖ ಜಿನಾಲಯದ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. ಶಕ ೬೫೧ರಲ್ಲಿ, ಅಂದರೆ ಕ್ರಿ.ಶ. ೭೨೯-೩೦ರಲ್ಲಿ, ವಿಜಯಾದಿತ್ಯನು ಶಂಖ ಜಿನೇಂದ್ರನ ಸೇವೆಗೆಂದು ನಿರವದ್ಯಪಂಡಿತರೆನಿಸಿದ ಉದಯದೇವ ಪಂಡಿತರಿಗೆ ಪುಲಿಗೆರೆಯ ದಕ್ಷಿಣದ ಕರ್ದಮ ಗ್ರಾಮವನ್ನು ದಾನವಿತ್ತನು. ಶಕ ೬೫೬ರಲ್ಲಿ (ಕ್ರಿ.ಶ. ೭೩೪-೩೫) ಇಮ್ಮಡಿ ವಿಕ್ರಮಾದಿತ್ಯನು ಶಂಖತೀರ್ಥ ಬಸದಿಗೆ ಸೇರಿದ ಧವಲ ಜಿನಾಲಯವನ್ನು ದುರಸ್ತಿಗೊಳಿಸಿ, ವಿಜಯದೇವ ಪಂಡಿತಾಚಾರ್ಯರಿಗೆ ಭೂಮಿಯನ್ನು ಬಿಟ್ಟನು. ಹತ್ತು ವರ್ಷಗಳ ಹಿಂದೆ ಯುವರಾಜನಾಗಿ ಪಟ್ಟಣಿಗರಿಗೆ ಆಚಾರವ್ಯವಸ್ಥೆಯನ್ನು ಕೊಟ್ಟವನೂ ಇವನೇ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ದಾನವು ಬಾಹುಬಲಿ ಶ್ರೇಷ್ಠಿಯೆಂಬವನ ವಿಜ್ಞಾಪನೆಯಿಂದ ನಡೆಯಿತು. ಕಟ್ಟಡದ ಸ್ಥಿತಿಯನ್ನು ಅರಸನ ಗಮನಕ್ಕೆ ತಂದವನು ವ್ಯಾಪಾರಿ, ಮನ್ನಿಸಿ ದುರಸ್ತಿ ಮಾಡಿಸಿದವನು ಅರಸ, ಮುಂದಿನ ನಿರ್ವಹಣೆಯ ಹೊಣೆ ಹೊತ್ತವರು ಆಚಾರ್ಯರು. ಸಮುದಾಯ, ಪ್ರಭುತ್ವ, ಧಾರ್ಮಿಕ ಸಂಸ್ಥೆ ಎಂಬ ಮೂರೂ ಸೇರಿದಾಗ ಮಾತ್ರ ಜೀರ್ಣೋದ್ಧಾರ ಸಾಧ್ಯವಾಯಿತು.

ಈ ದಾನಗಳ ಪಾಠಗಳು ದೊರೆಯುವುದು ಎಂಟನೆಯ ಶತಮಾನದ ಕಲ್ಲಿನ ಮೇಲಲ್ಲ. ಗಂಗ ಮಾರಸಿಂಹನ ಶಕ ೮೯೦ರ (ಕ್ರಿ.ಶ. ೯೬೮-೬೯) ದಾನದ ಜೊತೆಗೆ, ಹತ್ತನೆಯ ಶತಮಾನದ ಲಿಪಿಯಲ್ಲಿ, ಹಳೆಯ ಚಾಲುಕ್ಯ ದಾನಗಳನ್ನೂ ಸೇರಿಸಿ ಕೊರೆಯಲಾಗಿದೆ. ೧೮೭೮ರಲ್ಲಿ ಇಂಡಿಯನ್ ಆ್ಯಂಟಿಕ್ವರಿಯ ಏಳನೆಯ ಸಂಪುಟದಲ್ಲಿ ಇವನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅವರು ಈ ಕಾರಣದಿಂದಲೇ ಅವುಗಳನ್ನು ಶಂಕೆಯಿಂದ ನೋಡಿದರು. ಆ ಶಂಕೆಗೆ ಆಧಾರವಿಲ್ಲದಿಲ್ಲ. ಆದರೆ ಇನ್ನೊಂದು ದೃಷ್ಟಿಯಿಂದ ನೋಡಿದರೆ, ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ದತ್ತಿಗಳ ನೆನಪನ್ನು ಒಂದು ಸಂಸ್ಥೆ ಉಳಿಸಿಕೊಂಡಿತ್ತು, ಅದನ್ನು ಹೊಸದಾಗಿ ಕಲ್ಲಿಗೇರಿಸುವುದು ಅಗತ್ಯವೆಂದು ಬಗೆಯಿತು ಎಂಬುದೂ ಇದರಿಂದಲೇ ತಿಳಿಯುತ್ತದೆ. ದಾಖಲೆಯಿಲ್ಲದ ಆಸ್ತಿ ಉಳಿಯದೆಂಬ ಅರಿವು ಅವರಿಗಿತ್ತು.

ಈ ಅರಿವು ಎಷ್ಟು ಕಾರ್ಯಕಾರಿಯಾಗಿತ್ತೆಂಬುದನ್ನು ಗುಡಿಗೇರಿಯ ಶಾಸನ ತೋರಿಸುತ್ತದೆ. ವಿಜಯಾದಿತ್ಯನ ಸಹೋದರಿಯೂ ಆಳುಪ ಚಿತ್ರವಾಹನನ ರಾಣಿಯೂ ಆದ ಕುಂಕುಮಮಹಾದೇವಿಯು ಪುರಿಗೆರೆಯಲ್ಲಿ ಜಿನಭವನವೊಂದನ್ನು ಕಟ್ಟಿಸಿದ್ದಳು. ಅದೇ ಮುಂದೆ ಆನೆಸೆಜ್ಜೆಯ ಬಸದಿಯೆಂದು ಹೆಸರಾಯಿತು. ಶಕ ೬೩೦ರ ಶಿಗ್ಗಾಂವಿ ತಾಮ್ರಪಟವು ಆ ಬಸದಿಗೆ ಗುಡ್ಡಿಗೆರೆಯನ್ನು ದಾನವಿತ್ತ ಸಂಗತಿಯನ್ನು ದಾಖಲಿಸಿದೆ. ಶಕ ೯೯೮ರಲ್ಲಿ (ಕ್ರಿ.ಶ. ೧೦೭೬-೭೭) ಶ್ರೀನಂದಿ ಪಂಡಿತರು ತಾಮ್ರಶಾಸನದ ಆಧಾರದಿಂದ ಗುಡಿಗೇರಿಯ ಆ ಭೂಮಿಯನ್ನು ವಶಕ್ಕೆ ಪಡೆದರೆಂದು ಅಲ್ಲಿನ ಶಿಲಾಶಾಸನ ಹೇಳುತ್ತದೆ. ಎರಡು ದಾಖಲೆಗಳ ನಡುವೆ ಮುನ್ನೂರ ಅರವತ್ತೆಂಟು ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಬಾದಾಮಿ ಚಾಲುಕ್ಯರು ಅಳಿದು, ರಾಷ್ಟ್ರಕೂಟರು ಬಂದು ಹೋಗಿ, ಕಲ್ಯಾಣ ಚಾಲುಕ್ಯರು ಆಳುತ್ತಿದ್ದರು. ರಾಜವಂಶಗಳು ಬದಲಾದರೂ ಬಸದಿಯ ಹಕ್ಕು ಉಳಿದದ್ದು ಒಂದು ತಾಮ್ರಪಟ ಜೋಪಾನವಾಗಿ ಉಳಿದಿದ್ದರಿಂದ.

ಪುಲಿಗೆರೆಯ ಇತಿಹಾಸವು ಜೈನ ಕೇಂದ್ರವೊಂದರ ಇತಿಹಾಸ ಮಾತ್ರವಲ್ಲ. ಸೌರಾಷ್ಟ್ರದಿಂದ ಬಂದ ಆದಯ್ಯನು ಇಲ್ಲಿ ಸೋಮೇಶ್ವರನನ್ನು ಪ್ರತಿಷ್ಠಿಸಿದ ಕಥೆಯನ್ನು ಹರಿಹರನ ರಗಳೆಯೂ ರಾಘವಾಂಕನ ಸೋಮನಾಥ ಚಾರಿತ್ರವೂ ಹೇಳುತ್ತವೆ. ಆ ಕಥನದಲ್ಲಿ ಸುರಹೊನ್ನೆ ಬಸದಿಯು ಶಿವಾಲಯವಾಗುವ ಪ್ರಸಂಗವಿದೆ. ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ಇದೇ ಊರಿನಲ್ಲಿದೆ. ಸಹಸ್ರಕೂಟ ಜಿನಬಿಂಬವನ್ನು ಒಳಗೊಂಡ ಶಂಖ ಬಸದಿ, ಅನಂತನಾಥ ಬಸದಿ, ನಂದಿಯನ್ನೇರಿದ ಶಿವಪಾರ್ವತಿಯರ ಸೋಮೇಶ್ವರ ದೇವಾಲಯ, ಮಸೀದಿ ಇವೆಲ್ಲ ಒಂದೇ ಪಟ್ಟಣದೊಳಗೆ ಇವೆ. ಇಂಥ ಊರಿನಲ್ಲಿ ‘ಯಾವ ಪ್ರಾಚೀನತೆಯನ್ನು ಉಳಿಸಬೇಕು’ ಎಂಬ ಪ್ರಶ್ನೆ ನೋವನ್ನೂ ವಿವಾದವನ್ನೂ ಹೊತ್ತೇ ಬರುತ್ತದೆ. ಮೇಲಿನ ಪದರವನ್ನು ಕೆರೆದು ಕೆಳಗಿನದನ್ನು ತೋರಿಸಹೊರಟರೆ ಎರಡು ಪದರಗಳ ಸಾಕ್ಷ್ಯವೂ ನಾಶವಾಗುತ್ತದೆ. ಸಂರಕ್ಷಣೆಯು ಗತಕಾಲದ ವ್ಯಾಜ್ಯವನ್ನು ತೀರ್ಮಾನಿಸುವ ಕ್ರಿಯೆಯಲ್ಲ. ವ್ಯಾಜ್ಯದ ಎಲ್ಲ ಕಕ್ಷಿಗಳ ಸಾಕ್ಷ್ಯವನ್ನೂ ಮುಂದಿನವರ ವಿಚಾರಣೆಗಾಗಿ ಕಾದಿಡುವ ಕ್ರಿಯೆ. ಹಾಗೆಂದು ಕಾವ್ಯಗಳು ಹೇಳುವ ಸ್ಥಾನಪಲ್ಲಟವನ್ನು ಮರೆಮಾಚಬೇಕಾಗಿಲ್ಲ. ಅದನ್ನು ಅಧ್ಯಯನ ಮಾಡಲಾದರೂ ಕಲ್ಲುಗಳು ಇದ್ದಲ್ಲಿಯೇ, ಇದ್ದಂತೆಯೇ ಉಳಿದಿರಬೇಕು.

ಆಧುನಿಕ ಕಾಲದಲ್ಲಿ ಹಳೆಯ ಏರ್ಪಾಟು ಕುಸಿಯಿತು. ಇನಾಂ ರದ್ದತಿ ಮತ್ತು ಭೂಸುಧಾರಣೆಗಳು ಉಳುವವನಿಗೆ ಭೂಮಿಯನ್ನು ದೊರಕಿಸಿಕೊಟ್ಟವು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅದು ಆಗಬೇಕಾದ ಕಾರ್ಯವೇ ಆಗಿತ್ತು. ಆದರೆ ಖಂಡಸ್ಫುಟಿತಕ್ಕೆಂದು ಮೀಸಲಾಗಿದ್ದ ಆದಾಯವೂ ಅದರೊಡನೆ ಇಲ್ಲವಾಯಿತು, ಅದರ ಸ್ಥಾನದಲ್ಲಿ ಸ್ಥಳೀಯವಾದ ಇನ್ನೊಂದು ಏರ್ಪಾಟು ಬರಲಿಲ್ಲ. ೧೯೫೮ರ ಕೇಂದ್ರ ಕಾಯ್ದೆ, ೧೯೬೧ರ ರಾಜ್ಯ ಕಾಯ್ದೆಗಳು ಘೋಷಿತ ಸ್ಮಾರಕಗಳನ್ನು ಪುರಾತತ್ತ್ವ ಇಲಾಖೆಗಳ ಆಶ್ರಯಕ್ಕೆ ತಂದವು. ಅತ್ತಿಮಬ್ಬೆ ಕಟ್ಟಿಸಿದ, ಕ್ರಿ.ಶ. ೧೦೦೭ರ ಶಾಸನವುಳ್ಳ ಲಕ್ಕುಂಡಿಯ ಬ್ರಹ್ಮ ಜಿನಾಲಯದಂಥವು ಇದರಿಂದ ಉಳಿದವು. ಘೋಷಣೆಯ ಹೊರಗೆ ಉಳಿದವುಗಳ ಪಾಡು ಬೇರೆ. ಓಣಿಯ ಬಾವಿ, ಅಗಸೆ, ಹಳೆಯ ತೊಲೆಕಂಬದ ಮನೆ, ಹೊಲದ ಬದುವಿನ ನಿಷಿಧಿಗಲ್ಲು, ಮನೆಯ ಮೆಟ್ಟಿಲಾದ ಶಾಸನ ಇವೆಲ್ಲ ಯಾವ ಇಲಾಖೆಯ ಪಟ್ಟಿಯಲ್ಲೂ ಸೇರದೆ, ಊರಿನವರ ಕಾಳಜಿ ಅಥವಾ ಉದಾಸೀನವನ್ನೇ ನೆಚ್ಚಿಕೊಂಡಿವೆ.

ಈ ಕೊರತೆಯನ್ನು ತುಂಬುವ ಕೆಲವು ಯತ್ನಗಳು ನಡೆದಿವೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯವು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಅದರ ಫಲವಾಗಿ ಪುಲಿಗೆರೆ ಉತ್ಸವವೂ ಆರಂಭವಾಯಿತು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ನಾಡಿನ ಹಲವೆಡೆ ನಡೆಸಿದ ಕಾರ್ಯದಲ್ಲಿ ಸರಕಾರ ಶೇ. ೪೦, ಟ್ರಸ್ಟ್ ಶೇ. ೪೦, ಸ್ಥಳೀಯರು ಶೇ. ೨೦ರಷ್ಟು ವೆಚ್ಚ ಭರಿಸುವ ಪದ್ಧತಿಯಿದೆ. ಊರಿನವರ ಪಾಲು ಚಿಕ್ಕದೆನಿಸಿದರೂ ಕೈಯಿಂದ ಕೊಟ್ಟವನು ಮುಂದೆ ಕಾಯುವವನೂ ಆಗುತ್ತಾನೆ. ಲಕ್ಕುಂಡಿಯಲ್ಲಿ ಪಾರಂಪರಿಕ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿದೆ. ೨೦೨೪ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಅಭಿಯಾನದಲ್ಲಿ ಗ್ರಾಮಸ್ಥರು ತಮ್ಮ ಮನೆ, ಹಿತ್ತಲು, ಹೊಲಗಳಲ್ಲಿದ್ದ ನೂರಾರು ಪ್ರಾಚ್ಯಾವಶೇಷಗಳನ್ನು ತಾವಾಗಿಯೇ ಒಪ್ಪಿಸಿದರು. ಕೋರ್ಟು ಕಾಯ್ದೆಗಳಿಂದ ಆಗದ ಕಾರ್ಯವು ವಿಶ್ವಾಸದಿಂದ ಆದದ್ದಕ್ಕೆ ಇದೊಂದು ಉದಾಹರಣೆ.

ಆದರೂ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ದಾಖಲೀಕರಣ. ಶಿಲ್ಪವೊಂದನ್ನು ಸಂಗ್ರಹಾಲಯಕ್ಕೆ ಸಾಗಿಸುವ ಮೊದಲು ಅದು ಯಾವ ಓಣಿಯಲ್ಲಿ, ಯಾವ ಗೋಡೆಯಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿತ್ತೆಂಬುದನ್ನು ಬರೆದಿಡದಿದ್ದರೆ, ಶಿಲ್ಪ ಉಳಿದರೂ ಅದು ಹೇಳಬೇಕಾದ ಚರಿತ್ರೆ ಉಳಿಯುವುದಿಲ್ಲ. ಎರಡನೆಯದು ಜೀರ್ಣೋದ್ಧಾರದ ಹೆಸರಿನ ಹಾನಿ. ಗೋಡೆಗಳಿಗೆ ಎಣ್ಣೆಬಣ್ಣ ಬಳಿಯುವುದು, ಹಳೆಯ ನೆಲವನ್ನು ಕಿತ್ತು ನುಣುಪು ಗ್ರಾನೈಟ್ ಹಾಸುವುದು, ಸಂದುಗಳಿಗೆ ಸಿಮೆಂಟು ತುಂಬುವುದು ಎಲ್ಲೆಡೆ ಕಾಣುವ ರೂಢಿ. ಗಾರೆಯು ಕಲ್ಲಿನೊಳಗಿನ ತೇವವನ್ನು ಹೊರಹೋಗಲು ಬಿಡುತ್ತದೆ. ಸಿಮೆಂಟು ಅದನ್ನು ತಡೆದು ಲವಣಾಂಶವನ್ನು ಕಲ್ಲಿನಲ್ಲೇ ಉಳಿಸುತ್ತದೆ, ಬಳಪದ ಕಲ್ಲಿನ ಮೇಲ್ಮೈ ಹೊಪ್ಪಳಿಕೆಯಾಗಿ ಏಳುತ್ತದೆ. ಮರಳನ್ನು ಚಿಮ್ಮಿಸಿ ಸ್ವಚ್ಛಗೊಳಿಸಿದರೆ ತೆಳುವಾಗಿ ಕೊರೆದ ಅಕ್ಷರಗಳು ಅಳಿಸಿಹೋಗುತ್ತವೆ. ಹಳೆಯ ಬಸದಿಯನ್ನು ತೆಗೆದು ಅಮೃತಶಿಲೆಯ ಹೊಸ ಬಸದಿಯನ್ನು ಕಟ್ಟುವ ಉತ್ಸಾಹಕ್ಕೆ ಜೈನ ಸಮಾಜವೂ ಹೊರತಲ್ಲ. ಖಂಡವನ್ನೂ ಸ್ಫುಟಿತವನ್ನೂ ಸರಿಪಡಿಸುವುದು ಶಾಸನಗಳ ಆಶಯವಾಗಿತ್ತು. ಇಡೀ ಕಟ್ಟಡವನ್ನೇ ಬದಲಿಸುವುದು ಆ ಆಶಯದೊಳಗೆ ಬರುವುದಿಲ್ಲ.

ಗದಗಿನ ಸಮೀಪದ ನಾಗಾವಿಯಲ್ಲಿ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅದರ ಆವರಣದಲ್ಲಿ ಸಾಬರಮತಿ ಆಶ್ರಮದ ಪ್ರತಿಕೃತಿಯನ್ನು ನಿರ್ಮಿಸಲಾಗಿದೆ. ದೂರದ ಕಟ್ಟಡವೊಂದರ ಪ್ರತಿಕೃತಿಯೂ ಮನಸ್ಸನ್ನು ತಿದ್ದಬಲ್ಲದೆಂಬ ನಂಬಿಕೆ ಅದರ ಹಿಂದಿದೆ. ಹಾಗಿದ್ದರೆ ಸುತ್ತಣ ಗ್ರಾಮಗಳಲ್ಲಿರುವ ಮೂಲ ಕಟ್ಟಡಗಳ ಶಕ್ತಿ ಇನ್ನೆಷ್ಟಿರಬೇಕು! ಸಂವಿಧಾನದ ೭೩ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯು ಸಾಂಸ್ಕೃತಿಕ ಚಟುವಟಿಕೆಗಳನ್ನೂ ಸಮುದಾಯದ ಆಸ್ತಿಗಳ ನಿರ್ವಹಣೆಯನ್ನೂ ಪಂಚಾಯತಿಗಳ ವಿಷಯಪಟ್ಟಿಯಲ್ಲಿ ಇರಿಸಿದೆ. ಹನ್ನೆರಡನೆಯ ಅನುಸೂಚಿಯು ನಗರಾಡಳಿತಗಳಿಗೂ ಸಾಂಸ್ಕೃತಿಕ ಹೊಣೆಯನ್ನು ಕೊಟ್ಟಿದೆ. ಪ್ರತಿ ಗ್ರಾಮಪಂಚಾಯತಿ, ಪುರಸಭೆ, ನಗರಸಭೆಗಳು ತಮ್ಮ ವ್ಯಾಪ್ತಿಯ ಅಘೋಷಿತ ಪ್ರಾಚೀನ ಕಟ್ಟಡ, ಬಾವಿ, ಶಾಸನಗಳ ವಹಿಯೊಂದನ್ನು ಚಿತ್ರಸಹಿತ ಇಡುವುದು, ರಸ್ತೆ ಚರಂಡಿಗಳ ಕಾಮಗಾರಿಗೆ ಮುನ್ನ ಆ ವಹಿಯನ್ನು ನೋಡುವುದು, ಮನೆತೆರಿಗೆಯ ಚಿಕ್ಕ ಪಾಲೊಂದನ್ನು ವಾರ್ಷಿಕ ದುರಸ್ತಿಗೆ ಮೀಸಲಿಡುವುದು, ಹಳೆಯ ಮನೆಯನ್ನು ಹಳೆಯ ರೂಪದಲ್ಲೇ ಉಳಿಸಿಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಅಸಾಧ್ಯದ ಕಾರ್ಯಗಳಲ್ಲ. ಶಾಸನ ಓದಬಲ್ಲ ಕನ್ನಡ ವಿದ್ಯಾರ್ಥಿಗಳು ಆ ವಹಿಯ ಮೊದಲ ಲೇಖಕರಾಗಬಹುದು. ೧೯೦೫ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ಈ ಸೀಮೆಗೆ ಕೂಡಿ ಮಾಡುವ ಕೆಲಸ ಹೊಸದೇನೂ ಅಲ್ಲ.

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳ ನಡುವೆ, ದಾನ ಮತ್ತು ಪಾಲನೆಗಳಲ್ಲಿ ಪಾಲನೆಯೇ ಮೇಲೆಂಬ ಮಾತು ಹಲವೆಡೆ ಇದೆ. ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅದಕ್ಕಿಂತ ಹಿರಿದಾದ ಪದವಿ. ಪೊರಿಗೆರೆಯ ಮಹಾಜನರೂ ನಗರದವರೂ ಹದಿನೆಂಟು ಪ್ರಕೃತಿಗಳೂ ಆ ಕಾಯುವ ಹೊಣೆಯನ್ನು ತೆರಿಗೆ ತೆತ್ತು, ಮರ್ಯಾದೆ ಗೊತ್ತುಪಡಿಸಿಕೊಂಡು ಹೊತ್ತಿದ್ದರು. ಆ ಕಂಬವನ್ನು ಓದುವುದೆಂದರೆ ಅವರ ಭಾಷೆಯನ್ನು ತಿಳಿಯುವುದರ ಜೊತೆಗೆ, ಅವರು ಒಪ್ಪಿಕೊಂಡಿದ್ದ ಹೊಣೆಯ ಉತ್ತರಾಧಿಕಾರಿಗಳು ಯಾರೆಂದು ಕೇಳಿಕೊಳ್ಳುವುದೂ ಆಗಿದೆ.