ಕದ್ದು ಕುಣಿದವರ ಹೆಣ್ಣುಮಕ್ಕಳು

ಮಂಗಳೂರಿನ ಹುಲಿವೇಷದ ಹಿಂದೆ ಬಡಿಯುವ ತಾಸೆಯ ಸದ್ದು ಕೇಳಿ ಬೆಳೆದವರಿಗೆ ಟ್ರಿನಿಡಾಡಿನ ಮದುವೆ ಮನೆ ಅಷ್ಟೇನೂ ದೂರ ಅನ್ನಿಸದು. ಅಲ್ಲಿಯೂ ಅದಕ್ಕೆ ತಾಸಾ ಎಂದೇ ಹೆಸರು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಭಾರತದ ಕರಾರಿನ ಕೂಲಿಗಳ ಮೊದಲ ತಂಡವನ್ನು ಆ ದ್ವೀಪದಲ್ಲಿ ಇಳಿಸಿತು. 1917ರ ಹೊತ್ತಿಗೆ ಹಾಗೆ ಹೋದವರ ಲೆಕ್ಕ ಒಂದೂವರೆ ಲಕ್ಷದ ಹತ್ತಿರಕ್ಕೆ ಬಂದಿತ್ತು. ಬಹುಪಾಲು ಜನ ಭೋಜಪುರಿ ಸೀಮೆಯವರು. ಅವರ ಗಂಟುಮೂಟೆಯ ಜೊತೆ ಹೋದ ಆಚರಣೆಗಳಲ್ಲಿ ಮಟಿಕೋರ್ ಒಂದು. ಮದುವೆಗೆ ಮುಂಚಿನ ಶುಕ್ರವಾರ ರಾತ್ರಿ ಹೆಂಗಸರು ಊರಾಚೆ ಹೋಗಿ ಮಣ್ಣು ಅಗೆದು ತಂದು, ಗಂಡಸರನ್ನು ಹೊರಗಿಟ್ಟು, ಪೋಲಿ ಹಾಡು ಹೇಳುತ್ತ ಸೊಂಟ ಕುಣಿಸುತ್ತಿದ್ದರು. ಕಬ್ಬಿನ ಗದ್ದೆಯಲ್ಲಿ ಯಾರದೋ ಲಾಭಕ್ಕೆ ಬೆವರಿದ ಮೈ, ಅದೊಂದು ರಾತ್ರಿ ತನ್ನ ಖುಷಿಗಾಗಿ ಬೆವರುತ್ತಿತ್ತು.

ಹೊರದೇಶಗಳಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ಸಂಗೀತದ ಚರಿತ್ರೆ ಬರೆಯುವವರು ಬ್ಯಾಂಡು, ರೆಕಾರ್ಡು, ಕ್ಲಬ್ಬುಗಳ ಜಾಡು ಹಿಡಿಯುತ್ತಾರೆ. ಅದೇ ಮನೆಗಳ ಹೆಣ್ಣುಮಕ್ಕಳ ವ್ಯಾಯಾಮ, ಆಹಾರದ ವಿಷಯವನ್ನು ವೈದ್ಯರು ಬೇರೆಯೇ ಕಡತದಲ್ಲಿ ಇಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ತೆರೆದು ಓದಿದಾಗ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗಿಯರ ಮೈಗೆ ಚಲನೆಯ ಹಕ್ಕು ಮೊದಲು ಸಿಕ್ಕಿದ್ದು ಹಾಡಿನಿಂದ. ಆಟದ ಮೈದಾನ, ಜಿಮ್ಮು, ಆಸ್ಪತ್ರೆಯ ಸಲಹಾಪತ್ರ ಇವೆಲ್ಲ ಬಹಳ ತಡವಾಗಿ ಬಂದವು.

ಮುಚ್ಚಿದ ಕೋಣೆಯ ಹಾಡು ಬೀದಿಗೆ ಬಂದ ಬಗೆಯನ್ನು ಕೆರಿಬಿಯನ್ ಪ್ರದೇಶದಲ್ಲಿ ಸ್ಪಷ್ಟವಾಗಿ ನೋಡಬಹುದು. 1968ರಲ್ಲಿ ಸುರಿನಾಮ್‌ನ ಗಾಯಕಿ ದ್ರೌಪತಿ ಮದುವೆಯ ಹಾಡುಗಳನ್ನು ರೆಕಾರ್ಡಿಗೆ ಹಾಡಿದರು. ಅಲ್ಲಿಯವರೆಗೆ ಹೆಂಗಸರ ಬಾಯಿಂದ ಬಾಯಿಗೆ ಹೋಗುತ್ತಿದ್ದ ಹಾಡು ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಟ್ರಿನಿಡಾಡಿನ ಸುಂದರ್ ಪೋಪೋ ಅದಕ್ಕೆ ಗಿಟಾರ್ ಸೇರಿಸಿದರು. ಚಟ್ನಿ ಎಂಬ ಹೆಸರು ನಿಂತಿತು. 1987ರಲ್ಲಿ ಟ್ರಿನಿಡಾಡಿನ ಗಾಯಕಿ ದ್ರುಪತೀ ರಾಮಗೂನೈ ಅದನ್ನು ಅಲ್ಲಿನ ಕರಿಯರ ಸೋಕಾ ಸಂಗೀತದ ಜೊತೆ ಬೆರೆಸಿ ಚಟ್ನಿ ಸೋಕಾ ಎಂದು ಕರೆದಾಗ ಗದ್ದಲವೆದ್ದಿತು. ಹಿಂದೂ ಮನೆಯ ಹೆಣ್ಣು ಕ್ಯಾಲಿಪ್ಸೋ ಸಂಗೀತದ ವೇದಿಕೆ ಹತ್ತಿ ಕುಣಿಯುವುದೇ ಎಂದು ಪತ್ರಿಕೆಗಳಿಗೆ ಪತ್ರಗಳು ಹೋದವು. ಅಜ್ಜಿಯರು ಶತಮಾನದಿಂದ ಕುಣಿದದ್ದೇ ಅದು. ಗಂಡಸರ ಕಣ್ಣಿಗೆ ಬಿದ್ದದ್ದು ಮಾತ್ರ ಹೊಸದು. 1996ರಿಂದ ಚಟ್ನಿ ಸೋಕಾ ಮೊನಾರ್ಕ್ ಸ್ಪರ್ಧೆ ಶುರುವಾಗಿ ಆ ಜಗಳ ತಣ್ಣಗಾಯಿತು. ಮಾರಿಷಸ್‌ನಲ್ಲಿ ಇದೇ ಬೇರಿನ ಮದುವೆಯ ಹಾಡು ಕುಣಿತ ಗೀತ್ ಗವಾಯಿಗೆ 2016ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

ಬ್ರಿಟನ್ನಿನ ದಾರಿ ಬೇರೆ. 1950–60ರ ದಶಕಗಳಲ್ಲಿ ಪಂಜಾಬಿನಿಂದ ಹೋದವರು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಎರಕದ ಕಾರ್ಖಾನೆಗಳಲ್ಲಿ, ಲಂಡನ್ನಿನ ಸೌತಾಲ್‌ನ ರಬ್ಬರ್ ಕಾರ್ಖಾನೆಯಲ್ಲಿ ಪಾಳಿ ಮಾಡಿದರು. ವಾರವೆಲ್ಲ ದುಡಿದವರಿಗೆ ಶನಿವಾರದ ಮದುವೆಯೇ ಬಿಡುವು. 1967ರಲ್ಲಿ ಸ್ಮೆಥಿಕ್‌ನಲ್ಲಿ ಭುಜಂಗಿ ಗ್ರೂಪ್, 1977ರಲ್ಲಿ ಸೌತಾಲ್‌ನಲ್ಲಿ ಚನ್ನಿ ಸಿಂಗ್ ಅವರ ಅಲಾಪ್ ಹುಟ್ಟಿದವು. ಧೋಲ್, ಢೋಲಕ್ ಪಕ್ಕದಲ್ಲಿ ಸಿಂಥಸೈಜರ್ ಬಂದು ಕೂತಿತು. ಸುಗ್ಗಿಯ ಹೊಲದಲ್ಲಿ ಗಂಡಸರು ಕುಣಿಯುತ್ತಿದ್ದ ಭಾಂಗ್ರಾ ಹೀಗೆ ಇಂಗ್ಲೆಂಡಿನ ಸಂಗೀತವಾಯಿತು.

ಹೆಂಗಸರಿಗೆ ಊರಿನಲ್ಲಿ ಗಿದ್ದಾ ಇತ್ತು. ಚಪ್ಪಾಳೆ ತಟ್ಟಿ, ಬೋಲಿ ಹಾಡಿ, ತಮ್ಮಷ್ಟಕ್ಕೆ ಕುಣಿಯುವುದು. ಇಂಗ್ಲೆಂಡಿನ ಮದುವೆ ಹಾಲ್‌ಗಳಲ್ಲಿ ಮಾತ್ರ ಅವರು ಒಂದು ಕಡೆ ಕೂತು ನೋಡಬೇಕಾಯಿತು. ಇದನ್ನು ಮುರಿದವರಲ್ಲಿ ಮೊಹಿಂದರ್ ಕೌರ್ ಭಮ್ರಾ ಅವರ ಹೆಸರನ್ನು ನಾನು ಮೊದಲು ಹೇಳುತ್ತೇನೆ. ಗುರುದ್ವಾರದಲ್ಲಿ ಶಬದ್ ಎಂಬ ಭಕ್ತಿಗೀತೆ ಹಾಡುತ್ತಿದ್ದ ಈ ಗೃಹಿಣಿ ಮದುವೆಗಳಲ್ಲಿ ಹಾಡಲು ನಿಂತಾಗ ಹೆಂಗಸರೂ ಎದ್ದು ಬಂದು ಕುಣಿಯಲಿ ಎಂದು ವೇದಿಕೆಯಿಂದಲೇ ಕರೆದರು. 1982ರಲ್ಲಿ ಮಗ ಕುಲ್ಜಿತ್ ಭಮ್ರಾ ಜೊತೆ ‘ಪಂಜಾಬಿ ಡಿಸ್ಕೊ’ ಎಂಬ ಆಲ್ಬಂ ಮಾಡಿದರು. ಭಾಂಗ್ರಾದ ಚರಿತ್ರೆಯಲ್ಲಿ ಬ್ಯಾಂಡುಗಳ ಗಂಡಸರಿಗೆ ಸಿಕ್ಕ ಜಾಗ ಈ ತಾಯಿಗೆ ಬಹಳ ಕಾಲ ಸಿಗಲಿಲ್ಲ.

ಅದೇ ವರ್ಷಗಳಲ್ಲಿ ಅದೇ ಬೀದಿಗಳ ಹುಡುಗಿಯರ ಮೂಳೆಗಳಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 1962ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ಅಲ್ಲಿನ ಪಾಕಿಸ್ತಾನಿ ಮನೆಗಳಲ್ಲಿ ರಿಕೆಟ್ಸ್ ಮತ್ತು ಮೂಳೆ ಮೆತ್ತಗಾಗುವ ಕಾಯಿಲೆಯನ್ನು ವರದಿ ಮಾಡಿದರು. ಎಳೆಮಕ್ಕಳಿಗಷ್ಟೇ ಅಲ್ಲ, ಶಾಲೆಗೆ ಹೋಗುವ, ಮೈನೆರೆಯುವ ವಯಸ್ಸಿನ ಹುಡುಗಿಯರಿಗೂ ಅದು ಬರುತ್ತಿತ್ತು. ಕಂದು ಚರ್ಮ, ಮೋಡದ ಆಕಾಶ, ಮೈ ಮುಚ್ಚುವ ಬಟ್ಟೆ, ಹೊರಗೆ ಆಡಲು ಬಿಡದ ಮನೆ, ಸುಣ್ಣದಂಶ ಹೀರದಂತೆ ತಡೆಯುವ ಫೈಟೇಟ್ ಹೆಚ್ಚಿರುವ ಚಪಾತಿ, ಎಲ್ಲ ಸೇರಿ ವಿಟಮಿನ್ ಡಿ ಕೊರತೆಯನ್ನು ಬಿಗಡಾಯಿಸಿದ್ದವು. ಬ್ರಿಟನ್ 1940ರಲ್ಲಿಯೇ ಮಾರ್ಗರೀನಿಗೆ ವಿಟಮಿನ್ ಡಿ ಬೆರೆಸುವುದನ್ನು ಕಡ್ಡಾಯ ಮಾಡಿತ್ತು. ಬಿಳಿಯರ ಮನೆಗೆ ಅದು ತಾನಾಗಿಯೇ ಹೋಯಿತು. ತುಪ್ಪ, ಬೆಣ್ಣೆ ತಿನ್ನುವ ಮನೆಗೆ ಹೋಗಲಿಲ್ಲ. ಹಾಗಿದ್ದರೆ ಚಪಾತಿ ಹಿಟ್ಟಿಗೂ ಬೆರೆಸಿ ಎಂಬ ಬೇಡಿಕೆ ಎದ್ದಿತು. ಸರ್ಕಾರ ಒಪ್ಪಲಿಲ್ಲ. 1981ರಲ್ಲಿ ‘ರಿಕೆಟ್ಸ್ ನಿಲ್ಲಿಸಿ’ ಎಂಬ ಪ್ರಚಾರ ಹೊರಟಿತು. ಅದರ ಧ್ವನಿಯಲ್ಲಿ ಏಷ್ಯಾದವರು ತಮ್ಮ ಊಟ, ಉಡುಪನ್ನು ಬದಲಿಸಿಕೊಳ್ಳಬೇಕೆಂಬ ಬೋಧನೆಯೇ ಜೋರಾಗಿತ್ತು. ಊಟದ ಬಗ್ಗೆ ಮಾತಾಡಲು ಬಂದವರೆಲ್ಲ ನಮ್ಮ ತಟ್ಟೆಯನ್ನು ಕೀಳು ಮಾಡಲು ಬಂದವರು ಎಂಬ ಗುಮಾನಿ ಮನೆಗಳಲ್ಲಿ ಉಳಿದದ್ದಕ್ಕೆ ಇಂಥ ಕಾರಣಗಳೂ ಇವೆ.

ಆ ಪ್ರಚಾರದ ಪೋಸ್ಟರು ಗೋಡೆಯ ಮೇಲಿದ್ದಾಗಲೇ ಹುಡುಗಿಯರು ಬೇರೆ ದಾರಿ ಹುಡುಕಿಕೊಂಡಿದ್ದರು. ಸಂಜೆಯ ನಂತರ ಹೊರಗೆ ಬಿಡದ ಅಪ್ಪ ಅಮ್ಮಂದಿರ ಮಕ್ಕಳಿಗಾಗಿ 1980ರ ದಶಕದಲ್ಲಿ ಲಂಡನ್, ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್‌ಗಳಲ್ಲಿ ಹಗಲು ಹೊತ್ತಿನ ಭಾಂಗ್ರಾ ಕೂಟಗಳು ನಡೆದವು. ಡೇಟೈಮರ್ ಎಂದೇ ಅವುಗಳ ಹೆಸರು. ಶಾಲೆಗೆಂದು ಸಲ್ವಾರ್ ಕಮೀಜ್ ತೊಟ್ಟು ಹೊರಟವರು ಹಾಲಿನ ಶೌಚಾಲಯದಲ್ಲಿ ಬಟ್ಟೆ ಬದಲಿಸಿ, ಮಧ್ಯಾಹ್ನವೆಲ್ಲ ಕುಣಿದು, ಮತ್ತೆ ಹಳೇ ಬಟ್ಟೆ ತೊಟ್ಟು ಶಾಲೆ ಬಿಡುವ ಹೊತ್ತಿಗೆ ಮನೆ ಸೇರುತ್ತಿದ್ದರು. ಪತ್ರಿಕೆಗಳು ಇದನ್ನು ಹಗರಣವೆಂದು ಬರೆದವು. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಈಜುಕೊಳಕ್ಕೆ ಕಳಿಸದ, ಸೈಕಲ್ ಕೊಡಿಸದ ಮನೆಗಳ ಹದಿನಾರರ ಹುಡುಗಿಯೊಬ್ಬಳು ಎರಡು ಮೂರು ಗಂಟೆ ಎಡೆಬಿಡದೆ ಜಿಗಿದು ಬೆವರಿದ್ದು ಅಲ್ಲಿಯೇ ಇರಬೇಕು. ಭಾಂಗ್ರಾದ ಹೆಜ್ಜೆ ಮೃದುವಲ್ಲ. ಮಂಡಿ ಬಗ್ಗಿಸಿ ಮೇಲೆ ಚಿಮ್ಮುವುದು, ಕೈಗಳನ್ನು ಭುಜಕ್ಕಿಂತ ಮೇಲೆ ಹಿಡಿದಿರುವುದು, ಒಂಟಿ ಕಾಲ ಕುಪ್ಪಳಿಕೆ ಎಲ್ಲವೂ ಎದೆಬಡಿತ ಏರಿಸುವಂಥವು, ಮೂಳೆಗೆ ಭಾರ ಕೊಟ್ಟು ಗಟ್ಟಿ ಮಾಡುವಂಥವು.

ಆಮೇಲೆ ಬಂದ ಸಂಗೀತಗಾರರ ಹೆಸರುಗಳು ಹಲವರಿಗೆ ಗೊತ್ತಿರುವಂಥವೇ. ಅಪಾಚೆ ಇಂಡಿಯನ್, ಬಲ್ಲಿ ಸಾಗು, 1998ರಲ್ಲಿ ಆಶಾ ಭೋಸ್ಲೆ ಹೆಸರಿನ ಹಾಡಿನಿಂದ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿ ಮುಟ್ಟಿದ ಕಾರ್ನರ್‌ಶಾಪ್, 1999ರಲ್ಲಿ ಮರ್ಕ್ಯುರಿ ಸಂಗೀತ ಪ್ರಶಸ್ತಿ ಗೆದ್ದ ತಲ್ವಿನ್ ಸಿಂಗ್, ಪಂಜಾಬಿ ಎಂಸಿ. ಹೆಂಗಸರಲ್ಲಿ ಡಿಜೆ ರಿತು, ಬ್ರಾಡ್‌ಫರ್ಡ್‌ನ ರ್‍ಯಾಡಿಕಲ್ ಸಿಸ್ತಾ, 2005ರಲ್ಲಿ ‘ಅರುಳರ್’ ಆಲ್ಬಂ ತಂದ ಲಂಡನ್ನಿನ ಈಳಂ ತಮಿಳು ಹುಡುಗಿ ಎಂ.ಐ.ಎ. ನ್ಯೂಯಾರ್ಕಿನಲ್ಲಿ ಡಿಜೆ ರೇಖಾ 1997ರಿಂದ 2017ರವರೆಗೆ, ಇಪ್ಪತ್ತು ವರ್ಷ, ‘ಬೇಸ್‌ಮೆಂಟ್ ಭಾಂಗ್ರಾ’ ಎಂಬ ಕುಣಿತದ ಕೂಟ ನಡೆಸಿದರು. ತಿರುಗುಮೇಜಿನ ಹಿಂದೆ ಹೆಣ್ಣೊಬ್ಬಳು ನಿಂತದ್ದರಿಂದ ಮುಂದೆ ಕುಣಿಯುವವರಿಗೂ ಧೈರ್ಯ ಬಂತು.

ನ್ಯೂಯಾರ್ಕಿನಲ್ಲೇ 1999ರ ಹೊತ್ತಿಗೆ ಸರೀನಾ ಜೈನ್ ‘ಮಸಾಲಾ ಭಾಂಗ್ರಾ’ ಎಂಬ ವ್ಯಾಯಾಮ ತರಗತಿ ಶುರುಮಾಡಿದರು. ಸಂಗೀತ ಮತ್ತು ಆರೋಗ್ಯದ ಎರಡು ಕಡತಗಳು ಮೊದಲ ಸಲ ಒಂದೇ ಮೇಜಿಗೆ ಬಂದದ್ದು ಇಲ್ಲಿ ಎಂದು ನನ್ನ ಎಣಿಕೆ. ಬಾಲಿಎಕ್ಸ್, ದುನ್ಯಾ ಮುಂತಾದ ತರಗತಿಗಳು ಹಿಂಬಾಲಿಸಿದವು. ಏರೋಬಿಕ್ಸ್ ತರಗತಿಯಲ್ಲಿ ತಾವು ಹೊರಗಿನವರೆಂದು ಮುದುಡುತ್ತಿದ್ದ ಹೆಂಗಸರಿಗೆ ಹೆಜ್ಜೆ ಮೊದಲೇ ಗೊತ್ತಿತ್ತು, ತಾಳ ಮೊದಲೇ ಗೊತ್ತಿತ್ತು. ನಾಚಿಕೆಯ ಅರ್ಧ ಭಾರ ಅಲ್ಲಿಯೇ ಇಳಿಯಿತು.

ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಸೌತಾಲ್‌ನಿಂದ ಕೆಲವೇ ಮೈಲಿ ದೂರದ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕಾರಾಜಾರ್ಜಿಸ್ 1990ರ ದಶಕದಿಂದ ಸಂಗೀತ ಮತ್ತು ವ್ಯಾಯಾಮದ ಸಂಬಂಧವನ್ನು ಅಳೆದರು. ಹದವಾದ ವೇಗದ ವ್ಯಾಯಾಮದಲ್ಲಿ ತಾಳಕ್ಕೆ ಹೆಜ್ಜೆ ಕೂಡಿದರೆ ದಣಿವು ಕಡಿಮೆ ಅನ್ನಿಸುತ್ತದೆ, ಹೆಚ್ಚು ಹೊತ್ತು ನಡೆಯುತ್ತದೆ. ಉಸಿರುಗಟ್ಟುವಷ್ಟು ವೇಗವಾದಾಗ ಆ ಲಾಭ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಕ್ಕರೆ ಕಾಯಿಲೆಯಿದ್ದ ದಕ್ಷಿಣ ಏಷ್ಯಾದ ಹೆಂಗಸರಿಗೆ ಬಾಲಿವುಡ್ ಕುಣಿತವನ್ನೇ ವ್ಯಾಯಾಮವಾಗಿ ಕೊಟ್ಟ ಪುಟ್ಟ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಆದರೆ ಗಮನಿಸಿ, ಅಲ್ಲಿಯೂ ಕರೆದದ್ದು ಕಾಯಿಲೆ ಬಂದ ಮೇಲೆ. ಇಪ್ಪತ್ತರ ಮಗಳನ್ನು ಕರೆಯುವುದು ವೈದ್ಯಲೋಕಕ್ಕೆ ಸುಲಭವಾಗಿ ಹೊಳೆಯುವುದಿಲ್ಲ.

ಇಪ್ಪತ್ತರಲ್ಲಿಯೇ ಯಾಕೆ ಕರೆಯಬೇಕು? 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿಕೊಂಡರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರಿಗೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೆಳ್ಳಗೆ ಕಂಡರೂ ನಮ್ಮ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ ಬಿಎಂಐ 25ರ ಗೆರೆಗೆ ಮುಂಚೆಯೇ 23ರಲ್ಲಿ ಇನ್ನೊಂದು ಎಚ್ಚರಿಕೆಯ ಗೆರೆ ಇರಲಿ ಎಂದರು. ಗರ್ಭಿಣಿಯರ ಸಕ್ಕರೆ ಪರೀಕ್ಷೆಯಲ್ಲಿ ಬ್ರಿಟನ್ ದಕ್ಷಿಣ ಏಷ್ಯಾ ಮೂಲವನ್ನೇ ಒಂದು ಕಾರಣವಾಗಿ ಎಣಿಸುತ್ತದೆ. ಹಾಗಾಗಿ ಹುಡುಗಿಗೆ ಹೇಳಬೇಕಾದ ಮಾತು ತೆಳ್ಳಗಾಗು ಎಂಬುದಲ್ಲ, ಗಟ್ಟಿಯಾಗು ಎಂಬುದು. ಮದುವೆಯ ಲೆಹಂಗಾ ಹಿಡಿಸಲಿ ಎಂದು ಊಟ ಬಿಡಿಸುವ ಮನೆಗಳು ಇದಕ್ಕೆ ನೇರ ಎದುರು ದಿಕ್ಕಿನಲ್ಲಿ ನಡೆಯುತ್ತಿವೆ, ನನಗೆ ಅದು ನಿಜವಾಗಿಯೂ ಸಂಕಟ ತರುತ್ತದೆ.

ಕುಣಿತ ಹೆಚ್ಚಿ ಊಟ ಕಡಿಮೆಯಾದರೆ ಆಗುವ ಹಾನಿಯೂ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳ ಭಾಂಗ್ರಾ ತಂಡಗಳಲ್ಲಿ ಸ್ಪರ್ಧೆಯ ತಿಂಗಳುಗಳಲ್ಲಿ ಅಭ್ಯಾಸ ತಡರಾತ್ರಿಯವರೆಗೆ ಎಳೆಯುತ್ತದೆ. ಮೈಯ ಶಕ್ತಿಯ ಖರ್ಚಿಗೆ ತಕ್ಕಷ್ಟು ತಿನ್ನದ ಆಟಗಾರ್ತಿಯರಿಗೆ ಮುಟ್ಟು ತಪ್ಪುವುದು, ಮೂಳೆ ಸಣ್ಣದಾಗಿ ಬಿರುಕು ಬಿಡುವುದು ಕ್ರೀಡಾವೈದ್ಯರು ಬಲ್ಲ ಸಂಗತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೊಸ ಹೆಸರನ್ನೂ ಕೊಟ್ಟಿತು. ಕುಣಿಯುವ ಹುಡುಗಿಯೂ ಆಟಗಾರ್ತಿಯೇ ಎಂದು ಅಮ್ಮಂದಿರು ಒಪ್ಪಿದರೆ ತಟ್ಟೆ ತಾನಾಗಿ ತುಂಬೀತು.

ಆ ತಟ್ಟೆಯಲ್ಲಿ ಮೊದಲು ನೋಡಬೇಕಾದದ್ದು ಕಬ್ಬಿಣ. ಭಾರತದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ಸಮುದ್ರ ದಾಟಿದರೂ ಬೇಳೆ, ರೊಟ್ಟಿ, ಅನ್ನ, ಚಹಾ ಜೊತೆಗೇ ಹೋಗುತ್ತವೆ. ಬ್ರಿಟನ್ ತನ್ನ ಹೆಂಗಸರಿಗೆ ದಿನಕ್ಕೆ 14.8 ಮಿಲಿಗ್ರಾಂ ಕಬ್ಬಿಣ ಸಾಕು ಅನ್ನುತ್ತದೆ. ಭಾರತದ 2020ರ ಶಿಫಾರಸು 29. ಧಾನ್ಯದ ಊಟದಿಂದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂಬುದೇ ಈ ಅಂತರದ ಹಿಂದಿನ ಕಾರಣ. ವಿಟಮಿನ್ ಡಿ ವಿಷಯದಲ್ಲಿ 2016ರಲ್ಲಿ ಬ್ರಿಟನ್ನಿನ ಸಲಹೆ ಸ್ಪಷ್ಟವಾಯಿತು. ಶರತ್ಕಾಲ, ಚಳಿಗಾಲಗಳಲ್ಲಿ ಎಲ್ಲರೂ, ಕಂದು ಮತ್ತು ಕಪ್ಪು ಚರ್ಮದವರು ವರ್ಷವಿಡೀ, ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದು ಒಳ್ಳೆಯದು. ಗ್ಲಾಸ್ಗೋ ವರದಿಯಾಗಿ ಐವತ್ತನಾಲ್ಕು ವರ್ಷ ಕಳೆದಿತ್ತು. ಸುಣ್ಣದಂಶದ ವಿಷಯದಲ್ಲಿ ಹೊರನಾಡಿನ ಕನ್ನಡದ ಮನೆಗಳಿಗೆ ಒಂದು ಅನುಕೂಲವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಹದಿಹರೆಯದ ಹುಡುಗಿಗೆ ಬೇಕಾದದ್ದರಲ್ಲಿ ಮೂರನೇ ಒಂದು ಪಾಲು. ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಮುದ್ದೆ ಬೇಡವೆಂದವಳಿಗೆ ಮಾಲ್ಟ್ ಇದೆ.

ಆದರೂ ಒಟ್ಟಾರೆ ಲೆಕ್ಕ ಆಶಾದಾಯಕವಾಗಿಲ್ಲ. 11ರಿಂದ 17ರ ಮಕ್ಕಳು ದಿನಕ್ಕೆ ಒಂದು ಗಂಟೆ ಮೈ ದಣಿಸಬೇಕು. 146 ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ ಹುಡುಗಿಯರಲ್ಲಿ ಶೇ. 85ರಷ್ಟು ಮಂದಿ ಅಷ್ಟು ದಣಿಯುವುದಿಲ್ಲ, ಹುಡುಗರಲ್ಲಿ ಶೇ. 78. 2001ರಿಂದ 2016ರವರೆಗೆ ಹುಡುಗರ ಸ್ಥಿತಿ ತುಸು ಸುಧಾರಿಸಿತು, ಹುಡುಗಿಯರದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ನಡುವೆ ಭರವಸೆಯ ಒಂದು ಚಿತ್ರವೂ ಇದೆ: ಕೋವಿಡ್ ಕಾಲದಲ್ಲಿ ಲಂಡನ್ನಿನ ವ್ಯಾಯಾಮ ತರಬೇತುದಾರ್ತಿ ಲವೀನಾ ಮೆಹ್ತಾ ಮನೆಯಿಂದಲೇ ವ್ಯಾಯಾಮ ಹೇಳಿಕೊಟ್ಟು ಅತ್ತೆಯನ್ನೂ ಜೊತೆಗೆ ನಿಲ್ಲಿಸಿಕೊಂಡರು. ಸೊಸೆಯ ಪಕ್ಕ ಅತ್ತೆಯೂ ಕೈಯೆತ್ತಿ ನಿಂತ ಮನೆಯಲ್ಲಿ ಮೊಮ್ಮಗಳನ್ನು ತಡೆಯುವವರು ಯಾರು?

ಈಗ ನನ್ನ ಕಣ್ಣು ಧೋಲಿನ ಮೇಲಿದೆ. ಹಲವು ಕಿಲೋ ತೂಗುವ ಆ ವಾದ್ಯವನ್ನು ಕೊರಳಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಡೊಂಕು ಕೋಲು ಡಗ್ಗಾ, ಇನ್ನೊಂದರಲ್ಲಿ ತೆಳು ಕಡ್ಡಿ ತಿಲ್ಲಿ ಹಿಡಿದು ಬಡಿಯುವುದು ಗಂಡಸರ ಕೆಲಸ ಎಂದೇ ನಂಬಿದ್ದರು. ಬರ್ಮಿಂಗ್‌ಹ್ಯಾಮ್‌ನ ಪರ್ವ್ ಕೌರ್ 1999ರಲ್ಲಿ ‘ಎಟರ್ನಲ್ ತಾಲ್’ ತಂಡ ಕಟ್ಟಿ ಹೆಣ್ಣುಮಕ್ಕಳಿಗೆ ಅದನ್ನು ಕಲಿಸಿದರು. ನಮ್ಮಲ್ಲಿ ಡೊಳ್ಳು ಕಟ್ಟಿಕೊಂಡ ಹುಡುಗಿಯರು ಈ ಭಾರವನ್ನು ಬಲ್ಲರು. ಅಮೆರಿಕದ ಕನ್ನಡ ಕೂಟಗಳ ರಾಜ್ಯೋತ್ಸವದಲ್ಲಿಯೂ ಹೆಂಗಸರ ಡೊಳ್ಳು ಮೊಳಗುತ್ತದೆ. ಭುಜ, ಬೆನ್ನು, ತೊಡೆ ಮೂರಕ್ಕೂ ಕೆಲಸ ಕೊಡುವ ಇಂಥ ವಾದ್ಯ ಯಾಜ್ಞಿಕ್ ತೋರಿಸಿದ ಮಾಂಸಖಂಡದ ಕೊರತೆಗೆ ನೇರ ಉತ್ತರ. ಮಗಳು ಧೋಲ್ ಅಥವಾ ಡೊಳ್ಳಿನ ತರಗತಿಗೆ ಹೋಗುವ ಮುಂಚೆ ಒಂದು ಬಾಳೆಹಣ್ಣೋ ಹಿಡಿ ಅವಲಕ್ಕಿಯೋ ಹೊಟ್ಟೆಗೆ ಬೀಳಲಿ. ಬಂದ ಮೇಲೆ ಬೇಳೆ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ ಬಡಿಸಿ, ಮೊಟ್ಟೆ ಮೀನು ತಿನ್ನುವವಳಾದರೆ ಅದೂ ಇರಲಿ. ಚಹಾ ಮಾತ್ರ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕೊಡಿ.