ಬಿಬಿಸಿ ಮೈಕ್ರೋ ಮತ್ತು ಅದರ ಭಾಷೆಗಳು: ಸಂಪಾಜೆಯ ಹವೆಯಲ್ಲಿ ಹಳೆಯ ಕಂಪ್ಯೂಟರ್ ಓಡಿಸುವ ಬಗೆ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ತರಲು ಕೇಂದ್ರ ಸರಕಾರ 1984ರಲ್ಲಿ 'ಕ್ಲಾಸ್' ಎಂಬ ಯೋಜನೆ ಶುರುಮಾಡಿತು. ಮೊದಲ ಸುತ್ತಿಗೆ ಆರಿಸಿಕೊಂಡದ್ದು 250 ಶಾಲೆಗಳನ್ನು, ಯಂತ್ರ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಅದೇ ಯಂತ್ರವನ್ನು ಚಂಡೀಗಢದ ಪಕ್ಕದ ಮೊಹಾಲಿಯಲ್ಲಿದ್ದ ಸರಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇಲ್ಲಿಯೇ ಜೋಡಿಸಿತು. ಯಾವುದಾದರೂ ಶಾಲೆಯ ಕಪಾಟಿನಲ್ಲಿ ಇಂಥದೊಂದು ಇನ್ನೂ ಉಳಿದಿದ್ದರೆ ಅದರಲ್ಲಿ ಪ್ರೋಗ್ರಾಂ ಓಡಿಸುವುದು ಹೇಗೆ, ಬೇರೆ ಭಾಷೆ ಕೂರಿಸುವುದು ಹೇಗೆ ಎಂಬುದು ಈ ಬರಹದ ವಿಷಯ. ಸಂಪಾಜೆಯ ಹೆಸರು ಏಕೆ ಬಂತೆಂದರೆ, ಇಂಥ ಯಂತ್ರಕ್ಕೆ ಘಟ್ಟದ ಬುಡದ ಆ ಊರಿನ ಮಳೆ ಒಡ್ಡುವ ಪರೀಕ್ಷೆಯನ್ನು ಇಂಗ್ಲೆಂಡಿನ ಕೈಪಿಡಿಗಳು ಹೇಳುವುದಿಲ್ಲ.

ಯಂತ್ರದ ಒಳಗೆ

ಬಿಬಿಸಿ ಮೈಕ್ರೋ ಮಾರುಕಟ್ಟೆಗೆ ಬಂದದ್ದು 1981ರ ಡಿಸೆಂಬರಿನಲ್ಲಿ. ಮಿದುಳು 6502 ಎಂಬ ಚಿಪ್, ವೇಗ 2 ಮೆಗಾಹರ್ಟ್ಸ್. ಮಾಡೆಲ್ ಬಿ ಯಂತ್ರದ ರ‍್ಯಾಮ್ 32 ಕೆಬಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಇದರಲ್ಲಿ ಹಿಡಿಯದು. ಹಾರ್ಡ್ ಡಿಸ್ಕ್ ಇಲ್ಲ. ಪ್ರೋಗ್ರಾಂ ಉಳಿಸಲು ಮನೆಯ ಟೇಪ್ ರೆಕಾರ್ಡರ್ ಸಾಕಿತ್ತು, ಅನುಕೂಲಸ್ಥರು ಫ್ಲಾಪಿ ಇಟ್ಟುಕೊಳ್ಳುತ್ತಿದ್ದರು.

ಯಂತ್ರ 50 ಹರ್ಟ್ಸ್ ಮನೆ ವಿದ್ಯುತ್ತಿಗೇ ತಯಾರಾದದ್ದು, ಚಿತ್ರವೂ ಪಾಲ್ ಪದ್ಧತಿಯದು. ಹಾಗಾಗಿ ನಮ್ಮ ಟಿವಿಯ ಹಳದಿ ಎವಿ ತೂತಿಗೆ ಒಂದು ವೈರ್ ಕೊಟ್ಟರೆ ಚಿತ್ರ ಮೂಡುತ್ತದೆ. ಕಪ್ಪುಬಿಳುಪಾಗಿ ಬಂದರೆ ಗಾಬರಿ ಬೇಡ. ಯಂತ್ರದ ವಿಡಿಯೊ ತೂತಿನಿಂದ ಬಣ್ಣ ಬರಬೇಕಾದರೆ ಅದರೊಳಗಿನ ಬೋರ್ಡಿನ ಮೇಲಿನ ಒಂದು ಕೊಂಡಿ ಕೂಡಿಸಬೇಕು.

ಬೇಸಿಕ್: ಕೂರಿಸಬೇಕಾಗಿಯೇ ಇಲ್ಲ

ಈಗ ಪೈಥಾನ್ ಕಲಿಯುವ ಹುಡುಗ ಮೊದಲು ಅದನ್ನು ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಬೇಕು. ಬಿಬಿಸಿ ಮೈಕ್ರೋದಲ್ಲಿ ಆ ತಾಪತ್ರಯವಿಲ್ಲ. ಸೋಫಿ ವಿಲ್ಸನ್ ಬರೆದ ಬೇಸಿಕ್ ಭಾಷೆ 16 ಕೆಬಿಯ ರೋಮ್ ಚಿಪ್ಪಿನಲ್ಲಿ ಕಾಯಂ ಆಗಿ ಕೂತಿದೆ. ಸ್ವಿಚ್ ಹಾಕಿದ ಕೂಡಲೇ ಎರಡು ಸ್ವರದ ಬೀಪ್ ಕೇಳುತ್ತದೆ, ತೆರೆಯ ಮೇಲೆ ಭಾಷೆಯ ಹೆಸರು ಮೂಡುತ್ತದೆ, ಅದರ ಕೆಳಗೆ ಬಾಣದ ಗುರುತು ಕಾಯುತ್ತಿರುತ್ತದೆ. ಬೀಪ್ ನಿಲ್ಲದೆ ಒಂದೇ ಸಮನೆ ಕೂಗಿದರೆ ಮಾತ್ರ ಯಂತ್ರ ಎಲ್ಲೋ ಸಿಕ್ಕಿಬಿದ್ದಿದೆ ಎಂದರ್ಥ.

ಇದು ಇಂದಿನ ಸ್ಕ್ರಿಪ್ಟಿಂಗ್ ಭಾಷೆಗಳ ಜಾತಿಯದೇ. ಬರೆದದ್ದನ್ನು ಮುಂಚೆ ಕಂಪೈಲ್ ಮಾಡುವ ಗೋಜಿಲ್ಲದೆ ಸಾಲು ಸಾಲಾಗಿ ಓದಿ ನಡೆಸುತ್ತದೆ. ಸಾಲಿಗೆ ನಂಬರು ಕೊಟ್ಟು ಬರೆದರೆ ಅದು ಪ್ರೋಗ್ರಾಂ, ನಂಬರಿಲ್ಲದೆ ಬರೆದರೆ ಆಗಿಂದಾಗಲೇ ಉತ್ತರ. ಪ್ರಿಂಟ್, ರನ್ ಮುಂತಾದ ಆಜ್ಞೆಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲೇ ಹೊಡೆಯಬೇಕು. ಜಾಗ ಉಳಿಸಲು ಯಂತ್ರ ಪ್ರತಿ ಆಜ್ಞೆಯನ್ನೂ ಒಂದೊಂದು ಬೈಟಿನ ಸಂಕೇತವಾಗಿ ಕುಗ್ಗಿಸಿಟ್ಟುಕೊಳ್ಳುತ್ತದೆ. ಆ ಕಾಲದ ಬಹಳಷ್ಟು ಬೇಸಿಕ್‌ಗಳಲ್ಲಿ ಗೋಟು ಹಾಕಿ ಸಾಲಿನಿಂದ ಸಾಲಿಗೆ ಹಾರುವುದೇ ದಾರಿಯಾಗಿತ್ತು. ಇದರಲ್ಲಾದರೆ ಹೆಸರಿಟ್ಟ ಪ್ರೊಸೀಜರ್ ಇದೆ, ರಿಪೀಟ್ ಇದೆ, ಬೇಸಿಕ್ಕಿನ ನಡುವೆಯೇ ಅಸೆಂಬ್ಲಿ ಬರೆಯುವ ಸೌಕರ್ಯವೂ ಇದೆ. ನನ್ನ ಲೆಕ್ಕದಲ್ಲಿ ಅಂದಿನ ಮನೆಕಂಪ್ಯೂಟರುಗಳ ಬೇಸಿಕ್‌ಗಳಲ್ಲಿ ಇದಕ್ಕೆ ಸಾಟಿಯಿಲ್ಲ.

ಬಳಕೆಗೆ ಒಂದು ಉದಾಹರಣೆ. ನಮ್ಮ ಕಡೆಯ ಅಡಿಕೆ ತೋಟದವರಲ್ಲಿ ದಿನದ ಮಳೆ ಅಳೆದು ಬರೆದಿಡುವ ಅಭ್ಯಾಸ ಹಲವರಿಗಿದೆ. ದಶಮಾಂಶವಿರುವ ಒಂದು ಸಂಖ್ಯೆಗೆ ಈ ಬೇಸಿಕ್ 5 ಬೈಟ್ ತೆಗೆದುಕೊಳ್ಳುತ್ತದೆ. ಒಂದು ವರ್ಷದ ಮಳೆಗೆ ಸುಮಾರು 1,830 ಬೈಟ್ ಆಯಿತು. ಬರೀ ಅಕ್ಷರ ತೋರಿಸುವ 7ನೇ ಮೋಡ್‌ನಲ್ಲಿ, ಟೇಪ್ ಬಳಸುವ ಯಂತ್ರದಲ್ಲಿ, ನಮಗೆ ಸಿಗುವ ಜಾಗ 28,160 ಬೈಟ್. ಹತ್ತು ವರ್ಷದ ದಿನದಿನದ ಮಳೆ ತುಂಬಿಸಿಯೂ ಪ್ರೋಗ್ರಾಮಿಗೆ ಬೇಕಾದಷ್ಟು ಉಳಿಯುತ್ತದೆ. ಚಿತ್ರದ ಮೋಹಕ್ಕೆ 0ನೇ ಮೋಡ್‌ಗೆ ಹೋದಿರೋ, ತೆರೆಯೊಂದೇ 20 ಕೆಬಿ ನುಂಗುತ್ತದೆ.

ಕನ್ನಡ ಅಕ್ಷರ ಮೂಡಿಸಬಹುದೇ? ಚಿತ್ರದ ಮೋಡ್‌ಗಳಲ್ಲಿ ವಿಡಿಯು 23 ಎಂಬ ಆಜ್ಞೆಯಿಂದ 224ರಿಂದ 255ರವರೆಗಿನ 32 ಅಕ್ಷರಗಳನ್ನು ನಾವೇ ಬಿಡಿಸಬಹುದು. ಪ್ರತಿಯೊಂದಕ್ಕೂ ಎಂಟಕ್ಕೆಂಟು ಚುಕ್ಕಿ. 'ರ', 'ಗ' ಹೇಗೋ ಹಿಡಿಸುತ್ತವೆ. ಒತ್ತಕ್ಷರ ಬಂದರೆ ಎರಡು ಮೂರು ಮನೆ ಜೋಡಿಸದೆ ವಿಧಿಯಿಲ್ಲ.

ಬೇರೆ ಭಾಷೆ ಕೂರಿಸುವುದು

ಲಿಸ್ಪ್, ಲೋಗೋ, ಪ್ರೋಲಾಗ್, ಬಿಸಿಪಿಎಲ್, ಪ್ಯಾಸ್ಕಲ್, ಕೋಮಲ್ ಎಲ್ಲವೂ ಈ ಯಂತ್ರಕ್ಕೆ ರೋಮ್ ಚಿಪ್ ರೂಪದಲ್ಲಿ ಬಂದಿದ್ದವು. ಇಲ್ಲಿ ಇನ್‌ಸ್ಟಾಲ್ ಎಂದರೆ ಸ್ಕ್ರೂಡ್ರೈವರ್ ಹಿಡಿಯುವುದು. ಪ್ಲಗ್ ಕಿತ್ತು, ಹಿಂದೆ ಮತ್ತು ಅಡಿಯಲ್ಲಿರುವ 'ಫಿಕ್ಸ್' ಎಂದು ಬರೆದ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ತೆಗೆದು, ಕೀಬೋರ್ಡನ್ನು ಸರಿಸಿದರೆ ಬಲಗಡೆ ಚಿಪ್ ಕೂರುವ ಸಾಕೆಟ್ಟುಗಳು ಕಾಣುತ್ತವೆ. ಅಕ್ಕಪಕ್ಕದ ಚಿಪ್ಪುಗಳ ಕಚ್ಚು ಯಾವ ದಿಕ್ಕಿಗಿದೆಯೋ ಹೊಸದರ ಕಚ್ಚೂ ಅದೇ ದಿಕ್ಕಿಗಿರಬೇಕು. ತಿರುಗುಮುರುಗಾದರೆ ಚಿಪ್ ಸುಟ್ಟುಹೋಗಬಹುದು.

ಮೂಲ ಚಿಪ್ ಈಗ ಸಿಗುವುದು ಕಷ್ಟ. 27128 ಎಂಬ ನಂಬರಿನ ಖಾಲಿ ಇಪ್ರೋಮ್‌ಗೆ ಆ ಭಾಷೆಯ ಕಡತವನ್ನು ಪ್ರೋಗ್ರಾಮರ್ ಯಂತ್ರದಲ್ಲಿ ಬರೆಸಿದರೆ ಅದೇ ಕೆಲಸ ಆಗುತ್ತದೆ. ಕೂರಿಸಿದ ಮೇಲೆ ನಕ್ಷತ್ರ ಚಿಹ್ನೆ ಹಾಕಿ ಹೆಲ್ಪ್ ಎಂದು ಹೊಡೆದರೆ ಯಂತ್ರ ತನ್ನೊಳಗಿನ ರೋಮ್‌ಗಳ ಪಟ್ಟಿ ಕೊಡುತ್ತದೆ. ನಕ್ಷತ್ರದ ಜತೆ ಭಾಷೆಯ ಹೆಸರು ಹೊಡೆದರೆ ಆ ಭಾಷೆಗೆ ಹೋಗುತ್ತದೆ. ಒಂದು ಸೂಕ್ಷ್ಮ: ಬಲತುದಿಯ ಸಾಕೆಟ್ಟಿಗೆ ಹಿರಿತನ ಹೆಚ್ಚು. ಲಿಸ್ಪನ್ನು ಬೇಸಿಕ್ಕಿನ ಬಲಕ್ಕಿಟ್ಟರೆ ಸ್ವಿಚ್ ಹಾಕುತ್ತಲೇ ಲಿಸ್ಪ್ ಎದ್ದು ಕೂರುತ್ತದೆ.

ಪೈಥಾನ್ ಓಡುತ್ತದೆಯೇ?

ಇಲ್ಲ. ಚಿಕ್ಕ ಸಾಧನಗಳಿಗೆಂದೇ ಕಡೆದ ಮೈಕ್ರೋಪೈಥಾನ್‌ಗೂ ಕೋಡ್ ಇಡಲು 256 ಕೆಬಿ ಜಾಗ ಬೇಕು. 6502ರ ಕೈಗೆಟುಕುವುದು ಒಟ್ಟು 64 ಕೆಬಿ. ಯಂತ್ರದ ಅಡಿಯಲ್ಲಿ 'ಟ್ಯೂಬ್' ಎಂಬ ತೂತಿದೆ, ಅದಕ್ಕೆ ಇನ್ನೊಂದು ಮಿದುಳು ಜೋಡಿಸಬಹುದು. 1985ರಲ್ಲಿ ಏಕಾರ್ನ್ ತನ್ನ ಮೊದಲ ಆರ್ಮ್ ಚಿಪ್ಪನ್ನು ಬಳಸಿದ್ದೂ ಹೀಗೆಯೇ. ಇಂದು ನಿಮ್ಮ ಫೋನಿನೊಳಗಿರುವುದು ಅದರ ವಂಶದ್ದು. ಈಗ ಹವ್ಯಾಸಿಗಳು ಪೈಟ್ಯೂಬ್‌ಡೈರೆಕ್ಟ್ ಎಂಬ ತಂತ್ರಾಂಶದಿಂದ ರಾಸ್ಪ್‌ಬೆರಿ ಪೈ ಬೋರ್ಡನ್ನು ಅಲ್ಲಿ ಜೋಡಿಸುತ್ತಾರೆ. ಆದರೆ ಆಗ ದುಡಿಯುವುದು ಪೈ, ಬಿಬಿಸಿ ಮೈಕ್ರೋ ಬರೀ ಕೀಬೋರ್ಡ್ ಮತ್ತು ತೆರೆ. ಬೇಸಿಕ್ ಇರುವಾಗ ಅಷ್ಟು ಸರ್ಕಸ್ ಏಕೆಂದು ನನಗನಿಸುತ್ತದೆ.

ಮಳೆ, ಮಿಂಚು, ಬೂಷ್ಟು

ಸಂಪಾಜೆ ಎರಡು ಜಿಲ್ಲೆಗಳಿಗೆ ಹಂಚಿಹೋದ ಊರು, ಒಂದು ಪಾಲು ಸುಳ್ಯ ತಾಲೂಕಿಗೆ, ಇನ್ನೊಂದು ಕೊಡಗಿಗೆ. ಪಕ್ಕದಲ್ಲಿ ಪಯಸ್ವಿನಿ, ಮುಂದೆ ಮಡಿಕೇರಿಗೆ ಹತ್ತುವ ಘಾಟಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಮಳೆಗೆ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕ್ಯಾಸೆಟ್ಟನ್ನು ಬಿಡುತ್ತದೆಯೇ?

ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ರೆಕಾರ್ಡರಿಗೆ ಹಾಕಬೇಡಿ, ಹೆಡ್‌ಗೆ ಅಂಟಿ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಫ್ಲಾಪಿಯ ಗತಿಯೂ ಅಷ್ಟೆ. ಇದಕ್ಕೆ ಸದ್ಯದ ಒಳ್ಳೆಯ ಪರಿಹಾರ ಎಂಎಂಎಫ್‌ಎಸ್ ಎಂಬ ರೋಮ್. ಯೂಸರ್ ಪೋರ್ಟಿಗೆ ಸಣ್ಣ ಅಡಾಪ್ಟರ್ ಸಿಕ್ಕಿಸಿ ಎಸ್‌ಡಿ ಕಾರ್ಡ್ ಹಾಕಿದರೆ 511 ಫ್ಲಾಪಿಗಳ ಸರಕು ಅದರಲ್ಲೇ ಅಡಗುತ್ತದೆ, ಫ್ಲಾಪಿ ಡ್ರೈವಿನ ಹಂಗಿಲ್ಲ.

ಎಲ್ಲಕ್ಕಿಂತ ಅಪಾಯದ ಜಾಗ ಪವರ್ ಸಪ್ಲೈ. ಅದರೊಳಗಿನ ರಿಫಾ ಕಂಪನಿಯ ಕೆಪಾಸಿಟರುಗಳ ಮೇಲ್ಮೈ ವರ್ಷ ಕಳೆದಂತೆ ಬಿರುಕು ಬಿಟ್ಟು ತೇವ ಹೀರುತ್ತದೆ. ಬಹುಕಾಲದ ಮೇಲೆ ಕರೆಂಟು ಕೊಟ್ಟರೆ ಢಂ ಎಂದು ದಟ್ಟ ಹೊಗೆ, ಕೆಟ್ಟ ವಾಸನೆ. ಒಣ ಊರಿನಲ್ಲೇ ಹೀಗಾದರೆ ನಮ್ಮಲ್ಲಿ ಕೇಳುವುದೇ ಬೇಡ. ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್ ಹಾಕಿಸದೆ ಸ್ವಿಚ್ ಮುಟ್ಟಬೇಡಿ. ಅದು ಮೇನ್ಸ್ ಕರೆಂಟಿನ ಜಾಗ, ಟಿವಿ ರಿಪೇರಿಯವರಿಗೇ ಬಿಡಿ.

ಯಂತ್ರ ಏಳದಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸುವ ಮುಂಚೆ ಸಾಕೆಟ್ಟಿನ ಚಿಪ್ಪುಗಳನ್ನು ಮೆಲ್ಲಗೆ ಎತ್ತಿ ಮತ್ತೆ ಒತ್ತಿ ನೋಡಿ. ಕಾಲುಗಳಿಗೆ ಹಿಡಿದ ಕಿಲುಬು ಉಜ್ಜಿಹೋಗಿ ಎಷ್ಟೋ ಯಂತ್ರಗಳು ಅಷ್ಟಕ್ಕೇ ಏಳುತ್ತವೆ. ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೇ ಕೀಳಿ, ಟಿವಿಯ ಕೇಬಲ್ಲನ್ನೂ ಕೀಳಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಬಹುದು. ಆದರೆ ಆಗಾಗ ಓಡಿಸಿ ಬಿಸಿ ಮಾಡಿದ ಯಂತ್ರವೇ ಹೆಚ್ಚು ಬಾಳುತ್ತದೆ.

ಯಂತ್ರವಿಲ್ಲದವರಿಗೆ

ಮ್ಯಾಟ್ ಗಾಡ್‌ಬೋಲ್ಟ್ ಮಾಡಿದ ಜೆಎಸ್‌ಬೀಬ್ ಎಂಬ ಎಮ್ಯುಲೇಟರ್ ಬ್ರೌಸರಿನಲ್ಲೇ ಇಡೀ ಬಿಬಿಸಿ ಮೈಕ್ರೋವನ್ನು ಓಡಿಸುತ್ತದೆ. ಬೇಸಿಕ್ ಕಲಿಯಲು ಇಷ್ಟು ಸಾಕು. ಇನ್ನು ಪುತ್ತೂರು, ಸುಳ್ಯ, ಕಡಬದ ಶಾಲೆಗಳವರಲ್ಲಿ ಒಂದು ಮಾತು: ಕಪಾಟಿನ ಮೂಲೆಯಲ್ಲಿ ಯೂನಿಕಾರ್ನ್ ಎಂದು ಬರೆದ ಪೆಟ್ಟಿಗೆ ಸಿಕ್ಕಿದರೆ ಗುಜರಿಗೆ ಹಾಕಬೇಡಿ. ಅದರ ಜತೆಗಿರುವ ಕ್ಯಾಸೆಟ್ಟು, ಫ್ಲಾಪಿಗಳನ್ನು ಮೊದಲು ಒಣಗಿದ ಜಾಗಕ್ಕೆ ಸೇರಿಸಿ, ತಿಳಿದವರಿಂದ ಅವುಗಳ ನಕಲು ಮಾಡಿಸಿ.